38ರಲ್ಲಿ ಒಬ್ಬರ ವಿಮೆ: ವ್ಯಸನ, ಮನೋರೋಗ ದಾಟಿ ಬಂದವರ ಕಂತಿನ ಲೆಕ್ಕ

ಜೀವ ವಿಮೆಯ ಪ್ರಸ್ತಾವನೆ ಫಾರಂನಲ್ಲಿ ಹೆಸರು, ವಯಸ್ಸು, ಆದಾಯ ಮುಗಿದ ಮೇಲೆ ಆರೋಗ್ಯದ ಪ್ರಶ್ನೆಗಳು ಸಾಲಾಗಿ ಬರುತ್ತವೆ. ಮದ್ಯ ಸೇವಿಸುತ್ತೀರಾ, ವಾರಕ್ಕೆ ಎಷ್ಟು? ವ್ಯಸನಕ್ಕೆ ಚಿಕಿತ್ಸೆ ಪಡೆದಿದ್ದೀರಾ? ಖಿನ್ನತೆ, ಆತಂಕ ಅಥವಾ ಬೇರೆ ಮಾನಸಿಕ ಕಾಯಿಲೆಗೆ ಔಷಧಿ ತೆಗೆದುಕೊಂಡಿದ್ದೀರಾ? ಹಿಂದೆ ಯಾವುದಾದರೂ ಕಂಪನಿ ನಿಮ್ಮ ಪ್ರಸ್ತಾವನೆಯನ್ನು ತಿರಸ್ಕರಿಸಿದೆಯೇ, ಮುಂದೂಡಿದೆಯೇ? ಪ್ರತಿ ಪ್ರಶ್ನೆಯ ಎದುರು ಎರಡೇ ಚೌಕ: ಹೌದು, ಇಲ್ಲ. ಕುಡಿತ ಬಿಟ್ಟು ಮೂರು ವರ್ಷವಾದವರು, ಖಿನ್ನತೆಯಿಂದ ಎದ್ದು ಮತ್ತೆ ಕೆಲಸಕ್ಕೆ ಹೋಗುತ್ತಿರುವವರು ಈ ಸಾಲಿಗೆ ಬಂದು ಪೆನ್ನು ನಿಲ್ಲಿಸುತ್ತಾರೆ. ಪಕ್ಕದಲ್ಲಿ ಕೂತ ಏಜೆಂಟ್ "ಅದನ್ನೆಲ್ಲ ಬರೀಬೇಡಿ ಸರ್, ಪಾಲಿಸಿ ಬರಲ್ಲ" ಎನ್ನುತ್ತಾನೆ.

ಆ ಎರಡು ಚೌಕಗಳಿಗೆ ಎಷ್ಟು ಬೆಲೆ ಎಂಬುದು ಈ ಬರಹದ ಲೆಕ್ಕ. ಹೌದು ಎಂದರೆ ಎಷ್ಟು ಹೆಚ್ಚು ಕಟ್ಟಬೇಕು, ಇಲ್ಲ ಎಂದು ಸುಳ್ಳು ಬರೆದರೆ ಮನೆಯವರು ಎಷ್ಟು ಕಳೆದುಕೊಳ್ಳುತ್ತಾರೆ, ಪ್ರಶ್ನೆಯನ್ನೇ ಕೇಳದೆ ಸಿಗುವ ರಕ್ಷಣೆ ಎಷ್ಟು, ಕಾನೂನು ಎಲ್ಲಿಯವರೆಗೆ ಜೊತೆಗೆ ಬಂದು ಎಲ್ಲಿ ನಿಂತುಬಿಡುತ್ತದೆ ಎಂಬುದನ್ನು ಒಂದೊಂದಾಗಿ ನೋಡೋಣ.

ಎಷ್ಟು ಜನರ ಮಾತು ಇದು?

ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ವರದಿ 2019ರಲ್ಲಿ ಹೊರಬಂತು. ಅದರ ಪ್ರಕಾರ 10ರಿಂದ 75 ವರ್ಷದೊಳಗಿನ ಭಾರತೀಯರಲ್ಲಿ ಶೇ. 14.6 ಮಂದಿ, ಅಂದರೆ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. ಇವರಲ್ಲಿ ಸುಮಾರು 5.7 ಕೋಟಿ ಜನರಿಗೆ ಕುಡಿತ ಸಮಸ್ಯೆಯಾಗಿದೆ. ಸುಮಾರು 2.9 ಕೋಟಿ ಜನ ಅದಕ್ಕೆ ಪೂರ್ತಿ ಅಂಟಿಕೊಂಡವರು, ಕುಡಿಯದಿದ್ದರೆ ಕೈ ನಡುಗುವವರು.

ಹೀಗೆ ಅಂಟಿಕೊಂಡವರಲ್ಲಿ 38 ಜನರಿಗೆ ಒಬ್ಬರು ಮಾತ್ರ ಯಾವುದಾದರೂ ಬಗೆಯ ಚಿಕಿತ್ಸೆ ಪಡೆದಿದ್ದರು. ಆಸ್ಪತ್ರೆಗೆ ದಾಖಲಾದವರು 180ರಲ್ಲಿ ಒಬ್ಬರು. 2.9 ಕೋಟಿಯನ್ನು 38ರಿಂದ ಭಾಗಿಸಿದರೆ ಸಿಗುವುದು ಸುಮಾರು 7.6 ಲಕ್ಷ.

ಮನಸ್ಸಿನ ಕಾಯಿಲೆಗಳ ಲೆಕ್ಕವೂ ಇದಕ್ಕಿಂತ ತೀರಾ ಬೇರೆಯಲ್ಲ. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿತು. ಆ 12ರಲ್ಲಿ ಕರ್ನಾಟಕ ಇರಲಿಲ್ಲ, ಪೂರ್ವಭಾವಿ ಅಧ್ಯಯನ ಮಾತ್ರ ಕೋಲಾರ ಜಿಲ್ಲೆಯಲ್ಲಿ ನಡೆದಿತ್ತು. ಸಮೀಕ್ಷೆಯ ಹೊತ್ತಿಗೆ ವಯಸ್ಕರಲ್ಲಿ ಶೇ. 10.6 ಮಂದಿಗೆ ಮಾನಸಿಕ ಕಾಯಿಲೆ ಇತ್ತು. ಬದುಕಿನಲ್ಲಿ ಎಂದಾದರೂ ಅದನ್ನು ಕಂಡವರು ಶೇ. 13.7. ಕಾಯಿಲೆಯಿದ್ದೂ ಚಿಕಿತ್ಸೆ ಸಿಗದವರ ಪ್ರಮಾಣ ಕಾಯಿಲೆಯಿಂದ ಕಾಯಿಲೆಗೆ ಶೇ. 70ರಿಂದ 92ರವರೆಗೆ ಇತ್ತು. ಮದ್ಯದ ಸಮಸ್ಯೆಯ ಮಟ್ಟಿಗೆ ಅದು ಶೇ. 86.3.

ಈಗ ಫಾರಂಗೆ ವಾಪಸು ಬನ್ನಿ. "ಚಿಕಿತ್ಸೆ ಪಡೆದಿದ್ದೀರಾ?" ಎಂಬ ಪ್ರಶ್ನೆಗೆ ಆ 38ರಲ್ಲಿ 37 ಜನ "ಇಲ್ಲ" ಎಂದು ಬರೆದರೆ ಅದು ಸತ್ಯವೇ. ಅವರು ಎಂದೂ ವೈದ್ಯರ ಬಳಿ ಹೋದವರಲ್ಲ. "ಹೌದು" ಎಂದು ಬರೆಯಬೇಕಾದವರು ಧೈರ್ಯ ಮಾಡಿ ಆಸ್ಪತ್ರೆಯ ಮೆಟ್ಟಿಲು ಹತ್ತಿದ ಒಬ್ಬರೇ. ಕಾಗದ ಇರುವುದು ಅವರೊಬ್ಬರದ್ದೇ, ಕಂತು ಏರುವುದೂ ಅವರೊಬ್ಬರದ್ದೇ. ಇವತ್ತಿಗೂ ಕುಡಿಯುತ್ತಿರುವವರು ಕುಡಿತದ ಪ್ರಮಾಣವನ್ನು ಅರ್ಧ ಮಾಡಿ ಬರೆದು ರಕ್ತ ಪರೀಕ್ಷೆಯನ್ನೂ ಹೇಗೋ ದಾಟಿದರೆ, ಬಿಟ್ಟವರಿಗಿಂತ ಕಡಿಮೆ ಕಂತಿಗೆ ಪಾಲಿಸಿ ಪಡೆಯಬಹುದು. ನನ್ನನ್ನು ಹೆಚ್ಚು ಕಾಡುವುದು ಈ ತಲೆಕೆಳಗಾದ ಲೆಕ್ಕವೇ.

ಕಂಪನಿ ಏನನ್ನು ಅಳೆಯುತ್ತದೆ?

ವಿಮಾ ಕಂಪನಿಯ ಭಯಕ್ಕೆ ಆಧಾರವಿಲ್ಲ ಎನ್ನುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನಲ್ಲಿ ಮದ್ಯದ ಕಾರಣ ಸತ್ತವರು 26 ಲಕ್ಷ, ಅಂದರೆ ಆ ವರ್ಷದ ಎಲ್ಲ ಸಾವುಗಳಲ್ಲಿ ಶೇ. 4.7. ತೀವ್ರ ಮನೋರೋಗ ಇರುವವರು ಇತರರಿಗಿಂತ 10ರಿಂದ 20 ವರ್ಷ ಮೊದಲೇ ಸಾಯುತ್ತಾರೆ ಎಂದೂ ಅದೇ ಸಂಸ್ಥೆ ಹೇಳುತ್ತದೆ. ಈ ಸಾವುಗಳಲ್ಲಿ ಹೆಚ್ಚಿನವು ಹೃದಯ, ಶ್ವಾಸಕೋಶ, ಸೋಂಕಿನಂತಹ ದೇಹದ ಕಾಯಿಲೆಗಳಿಂದ ಬರುವಂಥವು, ತಡೆಯಬಹುದಾದವು.

ಪ್ರಸ್ತಾವನೆಯನ್ನು ತೂಗುವ ಅಂಡರ್‌ರೈಟರ್ ಅದೇ ವಯಸ್ಸಿನ ಸಾಮಾನ್ಯರ ಸಾವಿನ ಪ್ರಮಾಣವನ್ನು 100 ಎಂದು ಇಟ್ಟುಕೊಳ್ಳುತ್ತಾರೆ. ಕಾಯಿಲೆಗೆ ತಕ್ಕಂತೆ ಅದರ ಮೇಲೆ ಅಂಕ ಕೂಡಿಸುತ್ತಾರೆ. ಒಟ್ಟು 150 ಆದರೆ ಅರ್ಧ ಪಾಲು ಹೆಚ್ಚು ಅಪಾಯ, 200 ಆದರೆ ಎರಡು ಪಟ್ಟು. ಈ ಅಂಕದ ಮೇಲೆ ನಾಲ್ಕರಲ್ಲೊಂದು ಉತ್ತರ ಬರುತ್ತದೆ: ಮಾಮೂಲಿ ಕಂತಿಗೆ ಒಪ್ಪಿಗೆ, ಹೆಚ್ಚು ಕಂತಿಗೆ ಒಪ್ಪಿಗೆ, "ಆರು ತಿಂಗಳು ಅಥವಾ ಒಂದು ವರ್ಷ ಬಿಟ್ಟು ಬನ್ನಿ" ಎಂಬ ಮುಂದೂಡಿಕೆ, ಇಲ್ಲವೇ ತಿರಸ್ಕಾರ. ಹೆಚ್ಚು ಕಂತಿಗೆ ಏಜೆಂಟರು "ಲೋಡಿಂಗ್" ಎನ್ನುತ್ತಾರೆ. ಯಾವುದಕ್ಕೆ ಎಷ್ಟು ಅಂಕ ಎಂಬ ಕೈಪಿಡಿ ಕಂಪನಿಯಿಂದ ಕಂಪನಿಗೆ ಬೇರೆ, ಅದು ಗ್ರಾಹಕರ ಕಣ್ಣಿಗೆ ಬೀಳುವಂಥದ್ದಲ್ಲ.

ಎರಡು ಪಟ್ಟು ಎಂಬ ಮಾತು ಕಿವಿಗೆ ದೊಡ್ಡದು. ಅದನ್ನು ಬಿಡಿಸಿ ನೋಡಬೇಕು. ಲೆಕ್ಕಕ್ಕಾಗಿ, ಒಂದು ವಯಸ್ಸಿನ 1,000 ಜನರಲ್ಲಿ ವರ್ಷಕ್ಕೆ ಇಬ್ಬರು ಸಾಯುತ್ತಾರೆ ಎಂದಿಟ್ಟುಕೊಳ್ಳಿ. ಎರಡು ಪಟ್ಟು ಎಂದರೆ ನಾಲ್ವರು. ಉಳಿದ 996 ಜನ ಆ ವರ್ಷವೂ ಮನೆಯಲ್ಲೇ ಇರುತ್ತಾರೆ, ಕೆಲಸಕ್ಕೆ ಹೋಗುತ್ತಾರೆ, ಕಂತು ಕಟ್ಟುತ್ತಾರೆ.

ಕಾಲ ಕಳೆದಂತೆ ಅಪಾಯ ಇಳಿಯುತ್ತದೆ ಎಂಬುದಕ್ಕೂ ಅಂಕಿ ಇದೆ. ಅಮೆರಿಕದ ಷಿಕಾಗೋದಲ್ಲಿ ವ್ಯಸನದ ಚಿಕಿತ್ಸೆಗೆ ಬಂದ ಒಂದು ಸಾವಿರಕ್ಕೂ ಹೆಚ್ಚು ಜನರನ್ನು ಎಂಟು ವರ್ಷ ಹಿಂಬಾಲಿಸಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಬಿಟ್ಟು ಒಂದು ವರ್ಷ ತುಂಬದವರಲ್ಲಿ ಮುಂದಿನ ವರ್ಷವೂ ಹಾಗೇ ಉಳಿದವರು ಸುಮಾರು ಮೂರನೇ ಒಂದು ಪಾಲು. ಒಂದರಿಂದ ಮೂರು ವರ್ಷ ದಾಟಿದವರಲ್ಲಿ ಸುಮಾರು ಮೂರನೇ ಎರಡು ಪಾಲು. ಐದು ವರ್ಷ ಮುಟ್ಟಿದವರು ಮತ್ತೆ ಜಾರುವ ಸಂಭವ ಶೇ. 15ಕ್ಕಿಂತ ಕಡಿಮೆ.

ಹೋಲಿಕೆಗೆ ಇನ್ನೊಂದು ಅಂಕಿ. ಚಿಕಿತ್ಸೆ ಪಡೆದ ವ್ಯಸನಿಗಳು ಮತ್ತೆ ಜಾರುವ ಪ್ರಮಾಣ ಶೇ. 40ರಿಂದ 60 ಎಂದು ಅಮೆರಿಕದ ರಾಷ್ಟ್ರೀಯ ಮಾದಕ ವ್ಯಸನ ಅಧ್ಯಯನ ಸಂಸ್ಥೆ ಹೇಳುತ್ತದೆ. ರಕ್ತದೊತ್ತಡ ಮತ್ತು ಅಸ್ತಮಾ ಮರುಕಳಿಸುವ ಪ್ರಮಾಣ ಶೇ. 50ರಿಂದ 70. ಬಿಪಿ ಇರುವವರಿಗೆ ನಮ್ಮಲ್ಲಿ ದಿನವೂ ಪಾಲಿಸಿ ಸಿಗುತ್ತದೆ. ಮಾತ್ರೆಯ ಹೆಸರು ಬರೆದು, ಸ್ವಲ್ಪ ಹೆಚ್ಚು ಕಟ್ಟಿ, ತಲೆ ಎತ್ತಿಯೇ ಅವರು ಹೊರಗೆ ಬರುತ್ತಾರೆ.

ಒಂದು ಮನೆಯ ಲೆಕ್ಕ

ಅಂಕಿಗಳು ಅರ್ಥವಾಗಬೇಕಾದರೆ ಒಂದು ಮನೆ ಬೇಕು. ಇದು ಲೆಕ್ಕಕ್ಕಾಗಿ ಕಟ್ಟಿಕೊಂಡ ಮನೆ, ಆದರೆ ಇಂಥದ್ದು ಪೀಣ್ಯದಲ್ಲೂ ಸಿಗುತ್ತದೆ, ಹರಿಹರದಲ್ಲೂ ಸಿಗುತ್ತದೆ. ಯಜಮಾನರಿಗೆ 38 ವರ್ಷ, ಕಾರ್ಖಾನೆಯಲ್ಲಿ ಸೂಪರ್‌ವೈಸರ್. ತಿಂಗಳಿಗೆ 25,000 ರೂ. ಕೈಗೆ ಬರುತ್ತದೆ, 20,000 ಮನೆಗೆ ಹೋಗುತ್ತದೆ. ಕುಡಿತ ಬಿಟ್ಟು ಮೂರು ವರ್ಷ. ಬಿಡುವ ಹೊತ್ತಿನಲ್ಲಿ ಖಿನ್ನತೆಗೂ ಔಷಧಿ ತೆಗೆದುಕೊಂಡಿದ್ದರು. ಹೆಂಡತಿ, 13 ಮತ್ತು 9 ವರ್ಷದ ಇಬ್ಬರು ಮಕ್ಕಳು.

ಕಿರಿಯ ಮಗುವಿಗೆ 18 ತುಂಬಲು ಇನ್ನು 9 ವರ್ಷ, ಅಂದರೆ 108 ತಿಂಗಳು. ತಿಂಗಳಿಗೆ 20,000ದಂತೆ 21.6 ಲಕ್ಷ ರೂ. ಬೇಕು. ಬೆಲೆ ಏರಿಕೆ ಮತ್ತು ಬಡ್ಡಿ ಎರಡನ್ನೂ ಬದಿಗಿಟ್ಟ ನೇರ ಲೆಕ್ಕ ಇದು.

ಕೇಳದೆ ಕೊಡುವ ರಕ್ಷಣೆ

ಮೊದಲು ಕೈಗೆ ಹತ್ತಿರ ಇರುವುದನ್ನು ಎಣಿಸೋಣ. 2015ರ ಮೇ 9ರಂದು ಆರಂಭವಾದ ಪ್ರಧಾನ ಮಂತ್ರಿ ಜೀವನ ಜ್ಯೋತಿ ವಿಮೆಯ ಮೊತ್ತ 2 ಲಕ್ಷ ರೂ. ವರ್ಷದ ಕಂತು 2022ರ ಜೂನ್ 1ರಿಂದ 436 ರೂ., ದಿನಕ್ಕೆ ಸುಮಾರು 1 ರೂ. 20 ಪೈಸೆ. ಬ್ಯಾಂಕ್ ಅಥವಾ ಅಂಚೆ ಖಾತೆ ಇರುವ 18ರಿಂದ 50 ವರ್ಷದವರು ಸೇರಬಹುದು, ರಕ್ಷಣೆ 55ರವರೆಗೆ ಇರುತ್ತದೆ. ವೈದ್ಯಕೀಯ ಪರೀಕ್ಷೆ ಇಲ್ಲ. ಯಾವ ಕಾರಣದಿಂದ ಸಾವು ಬಂದರೂ ಹಣ ಸಿಗುತ್ತದೆ. ಹೊಸದಾಗಿ ಸೇರಿದವರಿಗೆ ಮೊದಲ 30 ದಿನ ಅಪಘಾತದ ಸಾವಿಗೆ ಮಾತ್ರ ರಕ್ಷಣೆ. ಒಪ್ಪಿಗೆ ಪತ್ರದ ಘೋಷಣೆಯನ್ನು ಓದಿಯೇ ಸಹಿ ಹಾಕಬೇಕು. ವಿಮಾ ವರ್ಷ ಜೂನ್‌ನಿಂದ ಮೇವರೆಗೆ. ಸೆಪ್ಟೆಂಬರ್‌ನಿಂದ ನವೆಂಬರ್ ಒಳಗೆ ಸೇರಿದರೆ ಆ ವರ್ಷಕ್ಕೆ 342 ರೂ., ಡಿಸೆಂಬರ್‌ನಿಂದ ಫೆಬ್ರುವರಿ ಒಳಗೆ 228, ಮಾರ್ಚ್‌ನಿಂದ ಮೇ ಒಳಗೆ 114. 2025ರ ಏಪ್ರಿಲ್ ಹೊತ್ತಿಗೆ ಈ ಯೋಜನೆಯಲ್ಲಿ 9,19,896 ಕುಟುಂಬಗಳಿಗೆ ಒಟ್ಟು 18,397.92 ಕೋಟಿ ರೂ. ಸಂದಿತ್ತು.

ಎರಡನೆಯದು ಪಿಎಫ್ ಜೊತೆಗೇ ಬರುವ ವಿಮೆ, ಇಡಿಎಲ್‌ಐ. ಪಿಎಫ್ ಇರುವ ಎಷ್ಟೋ ಮನೆಗಳಿಗೆ ಇದರ ಹೆಸರೇ ಗೊತ್ತಿಲ್ಲ. ನೌಕರ ಒಂದು ರೂಪಾಯಿಯೂ ಕಟ್ಟಬೇಕಿಲ್ಲ. ಮಾಲೀಕರು ಸಂಬಳದ ಶೇ. 0.5 ಕಟ್ಟುತ್ತಾರೆ. ಅದನ್ನು 15,000 ರೂ. ಸಂಬಳದ ಮಿತಿಗೆ ಲೆಕ್ಕ ಹಾಕುವುದರಿಂದ ತಿಂಗಳಿಗೆ ಹೆಚ್ಚೆಂದರೆ 75 ರೂ. ಆಗುತ್ತದೆ. ಆರೋಗ್ಯದ ಪ್ರಶ್ನೆ ಒಂದೂ ಇಲ್ಲ. ಸೇವೆಯಲ್ಲಿರುವಾಗ ಸಾವು ಬಂದರೆ ತಿಂಗಳ ಸಂಬಳದ 35 ಪಟ್ಟು, ಅಂದರೆ ಹೆಚ್ಚೆಂದರೆ 5.25 ಲಕ್ಷ. ಅದರ ಮೇಲೆ ಪಿಎಫ್ ಖಾತೆಯ ಸರಾಸರಿ ಮೊತ್ತದ ಅರ್ಧ, ಹೆಚ್ಚೆಂದರೆ 1.75 ಲಕ್ಷ. ಗರಿಷ್ಠ 7 ಲಕ್ಷ ರೂ.

ನಮ್ಮ ಮನೆಯ ಯಜಮಾನರ ಪಿಎಫ್ ಸಂಬಳ 15,000, ಖಾತೆಯಲ್ಲಿ ಸರಾಸರಿ 2 ಲಕ್ಷ ಇದೆ ಎನ್ನೋಣ. 5.25 ಲಕ್ಷಕ್ಕೆ 1 ಲಕ್ಷ ಸೇರಿ 6.25 ಲಕ್ಷ. ಜೀವನ ಜ್ಯೋತಿಯ 2 ಲಕ್ಷ ಸೇರಿದರೆ 8.25 ಲಕ್ಷ. ತಿಂಗಳಿಗೆ 20,000ದಂತೆ ಇದು 41 ತಿಂಗಳು ಬರುತ್ತದೆ, ಮೂರೂವರೆ ವರ್ಷಕ್ಕೆ ಒಂದು ತಿಂಗಳು ಕಡಿಮೆ. ಆಗ ಕಿರಿಯ ಮಗುವಿಗೆ 12 ದಾಟಿರುತ್ತದೆ. ಇಷ್ಟಕ್ಕೆ ಅವರು ಕೈಯಿಂದ ಕಟ್ಟಿದ್ದು ವರ್ಷಕ್ಕೆ 436 ರೂ., ಉತ್ತರಿಸಿದ ಕಾಯಿಲೆಯ ಪ್ರಶ್ನೆ ಸೊನ್ನೆ.

ಕೆಲಸದ ಜಾಗದಲ್ಲಿ ಗುಂಪು ಜೀವ ವಿಮೆ ಇದ್ದರೆ ಅದೂ ಒಂದು ಮಿತಿಯವರೆಗೆ ಪರೀಕ್ಷೆಯಿಲ್ಲದೆ ಸಿಗುವುದುಂಟು. ರಾಜ್ಯ ಸರ್ಕಾರಿ ನೌಕರರಿಗೆ ಕೆಜಿಐಡಿ ಕಡ್ಡಾಯ ವಿಮೆ ಇದೆ. ವರ್ಷಕ್ಕೆ 20 ರೂ. ಕಂತಿನ ಪ್ರಧಾನ ಮಂತ್ರಿ ಸುರಕ್ಷಾ ವಿಮೆ ಅಪಘಾತದ ಸಾವಿಗೆ 2 ಲಕ್ಷ ಕೊಡುತ್ತದೆ, 70 ವರ್ಷದವರೆಗೆ.

ಪಿಎಫ್ ವಿಮೆ, ಗುಂಪು ವಿಮೆಗಳಿಗೆ ಒಂದು ಕೊರತೆ ಇದೆ: ಕೆಲಸ ಬಿಟ್ಟ ಮೇಲೆ ಅವು ಜೊತೆಗೆ ಬರುವುದಿಲ್ಲ. ವ್ಯಸನ ಅಥವಾ ಖಿನ್ನತೆ ಮರುಕಳಿಸಿದರೆ ಮೊದಲು ಹೋಗುವುದು ಕೆಲಸವೇ. ಆದ್ದರಿಂದ ನಮ್ಮದೇ ಹೆಸರಿನ ಒಂದು ಪಾಲಿಸಿ ಬೇಕು. ಬೇಕಾದ 21.6 ಲಕ್ಷದಲ್ಲಿ 8.25 ಕಳೆದರೆ 13.35 ಲಕ್ಷ ಉಳಿಯುತ್ತದೆ. ಸುಮಾರು 15 ಲಕ್ಷದ ಟರ್ಮ್ ಪಾಲಿಸಿ.

ಹೌದು ಎಂದರೆ ಎಷ್ಟು?

15 ಲಕ್ಷಕ್ಕೆ, 20 ವರ್ಷದ ಅವಧಿಗೆ ಮಾಮೂಲಿ ಕಂತು ವರ್ಷಕ್ಕೆ 8,000 ರೂ. ಎಂದಿಟ್ಟುಕೊಳ್ಳೋಣ. ಇದು ಲೆಕ್ಕದ ಅನುಕೂಲದ ಸಂಖ್ಯೆ, ಯಾವ ಕಂಪನಿಯ ದರವೂ ಅಲ್ಲ.

ಲೋಡಿಂಗ್ ಇಲ್ಲದಿದ್ದರೆ: ವರ್ಷಕ್ಕೆ 8,000, ತಿಂಗಳಿಗೆ 667, ಇಪ್ಪತ್ತು ವರ್ಷಕ್ಕೆ 1.6 ಲಕ್ಷ.
ಶೇ. 50 ಲೋಡಿಂಗ್: ವರ್ಷಕ್ಕೆ 12,000, ತಿಂಗಳಿಗೆ 1,000, ಇಪ್ಪತ್ತು ವರ್ಷಕ್ಕೆ 2.4 ಲಕ್ಷ.
ಶೇ. 100 ಲೋಡಿಂಗ್: ವರ್ಷಕ್ಕೆ 16,000, ತಿಂಗಳಿಗೆ 1,333, ಇಪ್ಪತ್ತು ವರ್ಷಕ್ಕೆ 3.2 ಲಕ್ಷ.

ಇವುಗಳ ಮೇಲೆ ಮೊದಲು ಶೇ. 18 ಜಿಎಸ್‌ಟಿ ಬೀಳುತ್ತಿತ್ತು. ಲೋಡಿಂಗ್ ಆದ ಕಂತಿಗೂ ತೆರಿಗೆ ಇದ್ದುದರಿಂದ ಕಾಯಿಲೆಯಿಂದ ಎದ್ದವರು ತೆರಿಗೆಯನ್ನೂ ಹೆಚ್ಚು ಕಟ್ಟುತ್ತಿದ್ದರು. 12,000ದ ಕಂತು 14,160 ಆಗುತ್ತಿತ್ತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮೆಗೆ ಜಿಎಸ್‌ಟಿ ಇಲ್ಲ. ಮಾಮೂಲಿ ಕಂತಿನವರಿಗೆ ವರ್ಷಕ್ಕೆ 1,440 ರೂ. ಉಳಿದರೆ ಶೇ. 50 ಲೋಡಿಂಗ್‌ನವರಿಗೆ 2,160, ಶೇ. 100ರವರಿಗೆ 2,880.

ಅತಿ ಹೆಚ್ಚಿನ ಸಾಲನ್ನೇ ತೆಗೆದುಕೊಳ್ಳಿ. ವರ್ಷಕ್ಕೆ 16,000 ಅಂದರೆ ದಿನಕ್ಕೆ 44 ರೂ. ದಿನವೂ ಕುಡಿಯುತ್ತಿದ್ದವರು ಮದ್ಯದಂಗಡಿಯಲ್ಲಿ ಇದಕ್ಕಿಂತ ಹೆಚ್ಚು ಕೊಟ್ಟೇ ಮನೆಗೆ ಬರುತ್ತಿದ್ದರು. ಹೆಚ್ಚಿನ ಕಂತು ಭಾರ ನಿಜ, ಅದರಲ್ಲಿ ಅನ್ಯಾಯದ ಪಾಲೂ ಇದೆ. ಆದರೂ ಅದು ಹೊರಬಹುದಾದ ಭಾರ.

ಇಲ್ಲ ಎಂದು ಬರೆದರೆ ಎಷ್ಟು?

1938ರ ವಿಮಾ ಕಾಯ್ದೆಯ 45ನೇ ಸೆಕ್ಷನ್ 2015ರ ತಿದ್ದುಪಡಿಯ ನಂತರ ಹೀಗಿದೆ: ಪಾಲಿಸಿ ಕೊಟ್ಟು ಅಥವಾ ಅಪಾಯ ರಕ್ಷಣೆ ಶುರುವಾಗಿ ಮೂರು ವರ್ಷ ಆದ ಮೇಲೆ ಕಂಪನಿ ಯಾವ ಕಾರಣಕ್ಕೂ ಪಾಲಿಸಿಯನ್ನು ಪ್ರಶ್ನಿಸುವಂತಿಲ್ಲ. ಮೂರು ವರ್ಷದೊಳಗೆ ವಂಚನೆ ಅಥವಾ ಮುಖ್ಯ ಸಂಗತಿ ಮುಚ್ಚಿಟ್ಟ ಕಾರಣಕ್ಕೆ ಪ್ರಶ್ನಿಸಬಹುದು. ವಂಚನೆಯ ಉದ್ದೇಶವಿಲ್ಲದೆ ತಪ್ಪು ಮಾಹಿತಿ ಕೊಟ್ಟಿದ್ದರೆ ಕಟ್ಟಿದ ಕಂತನ್ನು 90 ದಿನದೊಳಗೆ ವಾಪಸು ಕೊಡಬೇಕು.

ಏಜೆಂಟ್ ಹೇಳುವ "ಮೂರು ವರ್ಷ ಕಳೆದರೆ ಸಾಕು" ಎಂಬ ಮಾತು ಹುಟ್ಟಿದ್ದು ಇಲ್ಲಿಂದಲೇ. ಅದರ ಲೆಕ್ಕ ಮಾಡೋಣ. ಶೇ. 50 ಲೋಡಿಂಗ್ ತಪ್ಪಿಸಿಕೊಂಡರೆ ವರ್ಷಕ್ಕೆ 4,000ದಂತೆ ಮೂರು ವರ್ಷಕ್ಕೆ ಉಳಿಯುವುದು 12,000 ರೂ. ಆ ಮೂರು ವರ್ಷ ಪಣಕ್ಕಿಟ್ಟದ್ದು 15 ಲಕ್ಷ. ಉಳಿಸಿದ ಒಂದು ರೂಪಾಯಿಗೆ 125 ರೂಪಾಯಿ ಪಣ. ಎರಡು ಕಂತು ಕಟ್ಟಿದ ಮೇಲೆ ಸಾವು ಬಂದು ಕ್ಲೇಮು ತಿರಸ್ಕೃತವಾದರೆ ಹೆಂಡತಿಯ ಕೈಗೆ ಬರುವುದು ಹೆಚ್ಚೆಂದರೆ ಕಟ್ಟಿದ 16,000. ವಂಚನೆ ಎಂದು ತೀರ್ಮಾನವಾದರೆ ಅದೂ ಇಲ್ಲ. ಷಿಕಾಗೋದ ಅಂಕಿಯನ್ನು ಇದರ ಪಕ್ಕದಲ್ಲಿಡಿ: ಬಿಟ್ಟ ಮೊದಲ ವರ್ಷಗಳೇ ಹೆಚ್ಚು ಅಪಾಯದವು. ಬಿಟ್ಟ ಹೊಸದರಲ್ಲಿ ಸುಳ್ಳು ಬರೆದು ಪಾಲಿಸಿ ಮಾಡಿಸಿದರೆ, ರಕ್ಷಣೆ ಹೆಚ್ಚು ಬೇಕಾದ ವರ್ಷಗಳಲ್ಲೇ ಅದು ಕೈಕೊಡುತ್ತದೆ.

ಇನ್ನೊಂದು ಅಪಾಯ ಲ್ಯಾಪ್ಸ್. ಕಂತು ತಪ್ಪಿ ಪಾಲಿಸಿ ನಿಂತು, ಮತ್ತೆ ಚಾಲ್ತಿಗೆ ತಂದರೆ ಆ ದಿನದಿಂದ ಮೂರು ವರ್ಷದ ಎಣಿಕೆ ಹೊಸದಾಗಿ ಶುರುವಾಗುತ್ತದೆ.

ನ್ಯಾಯಾಲಯಗಳೂ ಇಲ್ಲಿ ಕರುಣೆ ತೋರುವುದು ಕಡಿಮೆ. 2019ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಫಾರಂ ಓದದೆ ಸಹಿ ಹಾಕಿದೆ, ಭಾಷೆ ಅರ್ಥವಾಗಲಿಲ್ಲ ಎಂಬ ವಾದ ಸಾಮಾನ್ಯವಾಗಿ ನಿಲ್ಲದು ಎಂದಿತು. 2025ರ ಮಾರ್ಚ್‌ನಲ್ಲಿ ಅದೇ ನ್ಯಾಯಾಲಯ, ಕುಡಿತದ ಚಟವನ್ನು ಮುಚ್ಚಿಟ್ಟು 2013ರಲ್ಲಿ ಎಲ್‌ಐಸಿಯ ಆರೋಗ್ಯ ಪಾಲಿಸಿ ಪಡೆದು 2014ರಲ್ಲಿ ತೀರಿಕೊಂಡವರ ಪ್ರಕರಣದಲ್ಲಿ ಕ್ಲೇಮು ತಿರಸ್ಕಾರವನ್ನು ಎತ್ತಿಹಿಡಿಯಿತು. ಸಾವಿನಿಂದ ತೀರ್ಪಿನವರೆಗೆ ಸುಮಾರು 11 ವರ್ಷ ಹೆಂಡತಿ ಕೋರ್ಟಿನಿಂದ ಕೋರ್ಟಿಗೆ ಅಲೆದಿದ್ದರು. ಇಂಗ್ಲಿಷ್ ಫಾರಂಗೆ ಏಜೆಂಟ್ ಉತ್ತರ ತುಂಬಿ, ನಾವು ಕೊನೆಯ ಪುಟದಲ್ಲಿ ಸಹಿ ಹಾಕುವ ರೂಢಿ ಎಷ್ಟು ದುಬಾರಿ ಎಂಬುದು ಈ ಎರಡು ತೀರ್ಪುಗಳಿಂದ ತಿಳಿಯುತ್ತದೆ.

ಅರ್ಜಿಗೆ ಮುನ್ನ ಕೂಡಿಸಬೇಕಾದ ಕಾಗದ

ಅಂಡರ್‌ರೈಟರ್ ಕಾಗದದಲ್ಲಿ ಹುಡುಕುವುದು ಇವನ್ನು: ಯಾವ ಕಾಯಿಲೆ, ಎಂದು ಶುರುವಾಯಿತು, ಎಷ್ಟು ಸಲ ದಾಖಲಾತಿ, ಆತ್ಮಹತ್ಯೆಯ ಪ್ರಯತ್ನ ಇತ್ತೇ, ಈಗಿನ ಔಷಧಿ ಯಾವುದು, ಕೆಲಸಕ್ಕೆ ಸರಿಯಾಗಿ ಹೋಗುತ್ತಿದ್ದಾರೆಯೇ. ಮದ್ಯದ ಇತಿಹಾಸ ಇದ್ದರೆ ಯಕೃತ್ತಿನ ಪರೀಕ್ಷೆಗಳು, ಮುಖ್ಯವಾಗಿ ಎಸ್‌ಜಿಒಟಿ, ಎಸ್‌ಜಿಪಿಟಿ, ಜಿಜಿಟಿ. ತಂಬಾಕಿಗೆ ಮೂತ್ರದ ಕೊಟಿನಿನ್ ಪರೀಕ್ಷೆ.

ಆದ್ದರಿಂದ ಅರ್ಜಿಗೆ ಮೊದಲು ಕೈಯಲ್ಲಿರಬೇಕಾದದ್ದು ಆಸ್ಪತ್ರೆಯ ಡಿಸ್ಚಾರ್ಜ್ ಸಮರಿ, ನಂತರದ ಭೇಟಿಗಳ ಚೀಟಿ, ಇತ್ತೀಚಿನ ರಕ್ತ ಪರೀಕ್ಷೆ ಮತ್ತು ಮನೋವೈದ್ಯರ ಒಂದು ಪತ್ರ. ಆ ಪತ್ರದಲ್ಲಿ ಬಿಟ್ಟ ದಿನಾಂಕ, ಎಷ್ಟು ತಿಂಗಳಿಂದ ಸ್ಥಿರವಾಗಿದ್ದಾರೆ, ಔಷಧಿ, ಉದ್ಯೋಗ ಇವು ಸ್ಪಷ್ಟವಾಗಿರಲಿ. ಮನೋವೈದ್ಯಶಾಸ್ತ್ರದ ಅಳತೆಯಲ್ಲಿ 12 ತಿಂಗಳು ದಾಟಿದ ಚೇತರಿಕೆಗೆ ಬೇರೆಯೇ ಹೆಸರಿದೆ, ಅದು ಸ್ಥಿರ ಚೇತರಿಕೆ. ಹಳೆಯ ದಾಖಲೆ ಕಳೆದಿದ್ದರೆ ಚಿಂತೆ ಬೇಡ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 25ನೇ ಸೆಕ್ಷನ್ ರೋಗಿಗೆ ತನ್ನ ಮೂಲಭೂತ ವೈದ್ಯಕೀಯ ದಾಖಲೆ ಪಡೆಯುವ ಹಕ್ಕು ಕೊಟ್ಟಿದೆ. ಧರ್ಮಸ್ಥಳದ ಜನಜಾಗೃತಿ ವೇದಿಕೆಯಂತಹವರ ಮದ್ಯವರ್ಜನ ಶಿಬಿರಗಳಲ್ಲಿ ಬಿಟ್ಟವರು ನಮ್ಮ ಹಳ್ಳಿಗಳಲ್ಲಿ ಬಹಳ. ಅವರು ಒಮ್ಮೆ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ತೋರಿಸಿ ವೈದ್ಯರ ದಾಖಲೆ ಶುರುಮಾಡಿಸುವುದು ಒಳ್ಳೆಯದು. ವರ್ಷಗಳು ಎಣಿಕೆಗೆ ಬರುವುದು ಕಾಗದದ ಮೇಲಿದ್ದರೆ ಮಾತ್ರ.

ಒಂದೇ ದಿನ ಐದು ಕಂಪನಿಗೆ ಅರ್ಜಿ ಹಾಕಬಾರದು. ಒಂದು ತಿರಸ್ಕಾರ ಬಂದರೆ ಮುಂದಿನ ಎಲ್ಲ ಫಾರಂಗಳಲ್ಲಿ ಅದನ್ನು ಬರೆಯಲೇಬೇಕು. ಆಸ್ಪತ್ರೆಯಿಂದ ಬಂದು ಆರು ತಿಂಗಳೂ ಆಗದಿದ್ದರೆ ಕಾಯುವುದೇ ಮೇಲು, ಅಲ್ಲಿಯವರೆಗೆ ಪ್ರಶ್ನೆ ಕೇಳದ ಯೋಜನೆಗಳು ಇವೆ. 2025ರ ಮಾರ್ಚ್ 1ರಿಂದ ಬಿಮಾ-ಅಸ್ಬಾ ಎಂಬ ವ್ಯವಸ್ಥೆ ಬಂದಿದೆ: ಕಂತಿನ ಹಣ ಯುಪಿಐ ಮೂಲಕ ನಮ್ಮ ಖಾತೆಯಲ್ಲೇ ತಡೆದಿಟ್ಟಿರುತ್ತದೆ, ಪ್ರಸ್ತಾವನೆ ಒಪ್ಪಿಗೆಯಾದ ಮೇಲಷ್ಟೇ ಕಡಿತವಾಗುತ್ತದೆ.

15 ಲಕ್ಷದಂತಹ ಮೊತ್ತಕ್ಕೆ 2021ರ ಜನವರಿ 1ರಿಂದ ಜಾರಿಯಲ್ಲಿರುವ ಸರಳ ಜೀವನ ಬಿಮಾ ನೋಡಬಹುದು. ಎಲ್ಲ ಕಂಪನಿಗಳಲ್ಲೂ ನಿಯಮ ಒಂದೇ: 18ರಿಂದ 65 ವಯಸ್ಸು, 5ರಿಂದ 25 ಲಕ್ಷ ಮೊತ್ತ, ಮೊದಲ 45 ದಿನ ಅಪಘಾತದ ಸಾವಿಗೆ ಮಾತ್ರ ರಕ್ಷಣೆ. ಓದು, ಉದ್ಯೋಗ, ಊರು ನೋಡಿ ನಿರಾಕರಿಸುವಂತಿಲ್ಲ. ಆರೋಗ್ಯದ ಪ್ರಶ್ನೆ ಮಾತ್ರ ಇಲ್ಲೂ ಇದೆ. ಪಾಲಿಸಿ ಕೈಗೆ ಬಂದ ಮೇಲೆ ಫಾರಂನ ಪ್ರತಿಯನ್ನು ಸಾಲುಸಾಲಾಗಿ ಓದಿ, ಏಜೆಂಟ್ ತಪ್ಪು ತುಂಬಿದ್ದರೆ ಬರಹದಲ್ಲಿ ತಿದ್ದಿಸಿ. ಬೇಡವೆನಿಸಿದರೆ ಹಿಂದಿರುಗಿಸಲು 30 ದಿನ ಇದೆ.

ಕುಡಿತದ ಕಾಲದ ಕೈಸಾಲ ಉಳಿದಿರುವ ಮನೆಗಳಿಗೆ ಇನ್ನೊಂದು ಮಾತು. 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ಪಾಲಿಸಿ ಮಾಡಿಸಿದರೆ ಆ ಹಣ ಹೆಂಡತಿ ಮಕ್ಕಳಿಗೇ ಮೀಸಲು, ಸಾಮಾನ್ಯವಾಗಿ ಸಾಲ ಕೊಟ್ಟವರು ಅದಕ್ಕೆ ಕೈ ಹಾಕುವಂತಿಲ್ಲ. ಪಾಲಿಸಿ ಮಾಡಿಸುವಾಗಲೇ ಇದನ್ನು ಕೇಳಿ ಬರೆಸಬೇಕು.

ಮನೆಯವರಿಗೆ ತಿಳಿದಿರಬೇಕಾದದ್ದು

2022ರಲ್ಲಿ ದೇಶದಲ್ಲಿ 1,70,924 ಜನ ಆತ್ಮಹತ್ಯೆಯಿಂದ ತೀರಿಕೊಂಡರು ಎಂದು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ಹೇಳುತ್ತದೆ. ಕರ್ನಾಟಕದಲ್ಲಿ 13,606. ಮದ್ಯ ಮತ್ತು ಮಾದಕ ವ್ಯಸನ ಕಾರಣವೆಂದು ದಾಖಲಾದವು ದೇಶದಲ್ಲಿ ಶೇ. 6.8. ಇಂತಹ ಸಾವು ಕಂಡ ಮನೆಗಳಲ್ಲಿ ಅನೇಕರು "ಇದಕ್ಕೆ ವಿಮೆ ಬರುವುದಿಲ್ಲ" ಎಂದು ನಂಬಿ, ನಾಚಿಕೆಯಿಂದ ಪಾಲಿಸಿ ಕಾಗದವನ್ನೇ ಹೊರಗೆ ತೆಗೆಯುವುದಿಲ್ಲ. ಆ ನಂಬಿಕೆ ತಪ್ಪು. ಜೀವ ವಿಮೆಯಲ್ಲಿ ನಿರ್ಬಂಧ ಇರುವುದು ಮೊದಲ 12 ತಿಂಗಳಿಗೆ. ಆಗಲೂ ಕಟ್ಟಿದ ಕಂತಿನ ಕನಿಷ್ಠ ಶೇ. 80 ನಾಮಿನಿಗೆ ಬರಬೇಕು. ಆ ನಂತರ ಇದೂ ಬೇರೆ ಸಾವುಗಳಂತೆಯೇ ಒಂದು ಸಾವು. ದುಃಖದಲ್ಲಿರುವ ಮನೆಯವರು ಇದನ್ನು ನಾಚಿಕೆಪಡದೆ ಕೇಳಬೇಕು.

ತನಿಖೆ ಬೇಡದ ಕ್ಲೇಮು 15 ದಿನದಲ್ಲಿ, ತನಿಖೆ ಬೇಕಾದದ್ದು 45 ದಿನದಲ್ಲಿ ತೀರಬೇಕು. ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೊಡಬೇಕು. ಕಂಪನಿಗೆ ದೂರು ಕೊಟ್ಟು ಒಂದು ತಿಂಗಳಲ್ಲಿ ಪರಿಹಾರ ಸಿಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಶುಲ್ಕ ಇಲ್ಲ, 50 ಲಕ್ಷ ರೂ.ವರೆಗಿನ ವ್ಯಾಜ್ಯ ಅಲ್ಲಿ ನಡೆಯುತ್ತದೆ.

ಕಾನೂನು ನಿಂತ ಜಾಗ

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳಿಂದ ಬರುವ ಮಾನಸಿಕ ಸ್ಥಿತಿಗಳನ್ನೂ ಮನೋರೋಗದ ವ್ಯಾಖ್ಯೆಯಲ್ಲಿ ಸೇರಿಸಿದೆ. ಅದರ 21(4)ನೇ ಸೆಕ್ಷನ್ ದೇಹದ ಕಾಯಿಲೆಗೆ ಕೊಡುವಂತೆಯೇ ಮನಸ್ಸಿನ ಕಾಯಿಲೆಗೂ ವೈದ್ಯಕೀಯ ವಿಮೆ ಕೊಡಬೇಕು ಎನ್ನುತ್ತದೆ. 2018ರ ಆಗಸ್ಟ್ 16ರಂದು ವಿಮಾ ನಿಯಂತ್ರಣ ಪ್ರಾಧಿಕಾರ ಇದನ್ನು ಪಾಲಿಸಲು ಕಂಪನಿಗಳಿಗೆ ಸೂಚಿಸಿತು. 2021ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟ್ ಇದನ್ನು ಗಟ್ಟಿಮಾಡಿತು. 2022ರ ಅಕ್ಟೋಬರ್ 31ರೊಳಗೆ ಎಲ್ಲ ಆರೋಗ್ಯ ಪಾಲಿಸಿಗಳಲ್ಲೂ ಇದು ಬರಬೇಕೆಂದು ಪ್ರಾಧಿಕಾರ ಗಡುವು ಕೊಟ್ಟಿತು. ಹಾಗಿದ್ದೂ 2019ರಲ್ಲಿ ಅದೇ ಪ್ರಾಧಿಕಾರ ರೂಪಿಸಿದ ಪ್ರಮಾಣಿತ ಹೊರಗಿಡುವಿಕೆಗಳ ಪಟ್ಟಿಯ 12ನೇ ಸಂಕೇತ, ವ್ಯಸನದ ಚಿಕಿತ್ಸೆಯನ್ನು ಆರೋಗ್ಯ ವಿಮೆಯಿಂದ ಹೊರಗಿಡಲು ಬಿಡುತ್ತದೆ.

ಜೀವ ವಿಮೆಯ ಬಗ್ಗೆ ಆ ಕಾಯ್ದೆಯಲ್ಲಿ ಒಂದು ಪದವೂ ಇಲ್ಲ. ಆಸ್ಪತ್ರೆಯ ಬಿಲ್ಲಿನವರೆಗೆ ಜೊತೆಗೆ ನಡೆದ ಕಾನೂನು ಮನೆಯ ಬಾಗಿಲಲ್ಲಿ ನಿಂತುಬಿಟ್ಟಿದೆ.

ಹೋಲಿಸಲು ಪಕ್ಕದಲ್ಲೇ ಒಂದು ಕಾನೂನು ಇದೆ. ಅದೂ 2017ರದ್ದು, ಎಚ್‌ಐವಿ ಮತ್ತು ಏಡ್ಸ್ ತಡೆ ಕಾಯ್ದೆ, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಅದರ 3ನೇ ಸೆಕ್ಷನ್ ವಿಮೆಯ ಗಣಿತಶಾಸ್ತ್ರದ ಅಧ್ಯಯನದ ಆಧಾರವಿಲ್ಲದೆ ಎಚ್‌ಐವಿ ಇರುವವರಿಗೆ ವಿಮೆ ನಿರಾಕರಿಸಬಾರದು, ಅನ್ಯಾಯ ಮಾಡಬಾರದು ಎನ್ನುತ್ತದೆ. ವೈದ್ಯಕೀಯ ವಿಮೆ ಎಂದು ಅದು ಮಿತಿ ಹಾಕಿಲ್ಲ. ಒಂದೇ ವರ್ಷ, ಒಂದೇ ಸಂಸತ್ತು, ಎರಡು ಕಾಯ್ದೆ. ಒಂದರಲ್ಲಿರುವ ಆ ವಾಕ್ಯ ಇನ್ನೊಂದರಲ್ಲಿ ಇಲ್ಲ.

ಕ್ಲೇಮುಗಳ ಅಂಕಿಯೂ ಈ ಅಂತರವನ್ನು ಮರೆಮಾಚುತ್ತದೆ. 2022-23ರಲ್ಲಿ 10.76 ಲಕ್ಷ ವೈಯಕ್ತಿಕ ಸಾವಿನ ಕ್ಲೇಮುಗಳಲ್ಲಿ 10.60 ಲಕ್ಷಕ್ಕೆ ಹಣ ಸಂದಿತು. ನೂರಕ್ಕೆ 98ಕ್ಕಿಂತ ಹೆಚ್ಚು, ಒಳ್ಳೆಯ ಸಾಧನೆ. ಆದರೆ ಈ ಲೆಕ್ಕದೊಳಗೆ ಇರುವವರು ಪಾಲಿಸಿ ಸಿಕ್ಕವರು ಮಾತ್ರ. ಪ್ರಸ್ತಾವನೆಯ ಹಂತದಲ್ಲೇ ವಾಪಸು ಕಳಿಸಿದವರು ಈ ನೂರರಲ್ಲಿ ಸೇರಿಲ್ಲ. ಯಾವ ಕಾಯಿಲೆಗೆ ಎಷ್ಟು ಜನರನ್ನು ತಿರಸ್ಕರಿಸಿದಿರಿ, ಎಷ್ಟು ಜನರಿಗೆ ಎಷ್ಟು ಲೋಡಿಂಗ್ ಹಾಕಿದಿರಿ ಎಂಬುದನ್ನು ಪ್ರತಿ ಕಂಪನಿ ವರ್ಷವರ್ಷ ಪ್ರಕಟಿಸಬೇಕು. ಎಚ್‌ಐವಿ ಕಾಯ್ದೆಯ ಆ ವಾಕ್ಯ ಮಾನಸಿಕ ಆರೋಗ್ಯ ಕಾಯ್ದೆಗೂ ಬರಬೇಕು. ಫಾರಂನಲ್ಲಿ "ಹೌದು" ಚೌಕದ ಪಕ್ಕ ಇನ್ನೊಂದು ಕಾಲಂ ಬೇಕು: ಬಿಟ್ಟು ಎಷ್ಟು ವರ್ಷವಾಯಿತು?

ನಮ್ಮ ಲೆಕ್ಕದ ಮನೆಯ ಯಜಮಾನರು ಆ ಕಾಲಂನಲ್ಲಿ 3 ಎಂದು ಬರೆಯುತ್ತಾರೆ. ಇನ್ನೆರಡು ವರ್ಷ ಕಳೆದರೆ 5. ಆ ಸಂಖ್ಯೆ ಒಂದೊಂದು ಏರಿದ್ದು ಬೆಳಗಿನ ಕೈ ನಡುಕ ನಿಂತು, ಸಂಬಳ ಪೂರ್ತಿ ಮನೆಗೆ ಬಂದು, ಮಕ್ಕಳು ಅಪ್ಪನ ಹೆಜ್ಜೆಯ ಸದ್ದಿಗೆ ಹೆದರುವುದನ್ನು ಬಿಟ್ಟ ಮೇಲೆ. ವಿಮೆ ಅಳೆಯಬೇಕಾದದ್ದು ಆ ಸಂಖ್ಯೆಯನ್ನು. ಅಲ್ಲಿಯವರೆಗೆ ಅವರು 436 ರೂಪಾಯಿಯ ಅರ್ಜಿಯನ್ನು ಇವತ್ತೇ ಬ್ಯಾಂಕಿಗೆ ಕೊಡಲಿ, ಪಿಎಫ್ ನಾಮಿನಿ ಕಾಲಂನಲ್ಲಿ ಹೆಂಡತಿಯ ಹೆಸರು ಇದೆಯೇ ನೋಡಲಿ, ಟರ್ಮ್ ಪಾಲಿಸಿಯ ಫಾರಂನಲ್ಲಿ "ಹೌದು" ಎಂದೇ ಬರೆಯಲಿ.

ಮನಸ್ಸು ಭಾರವಾದಾಗ ಹಗಲು ರಾತ್ರಿ ಮಾತಾಡಲು ಟೆಲಿ-ಮಾನಸ್ ಉಚಿತ ಸಹಾಯವಾಣಿ 14416 ಇದೆ. ಕನ್ನಡದಲ್ಲೇ ಮಾತಾಡಬಹುದು.